1613 ಬ್ಲಾಕಿನ ನೀರಿನ ಕಾಕ್ ಜಾಮ್ ಆಗೈತಿ, ಗ್ಯಾಸ್ ಹಚ್ಚಿ ಕಾಸಬೇಕೋ ಬ್ಯಾಡೋ?

ಮುಧೋಳ_1613 · ಸೋಮವಾರ ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಟಾಟಾ 1613 ಲಾರಿ, 1998ರ ಗಾಡಿ, 697 ಎಂಜಿನ್. ಅಪ್ಪಾರು ತಗೊಂಡಿದ್ದು, ಈಗ ನಾ ಹೊಡೀತೀನಿ. ವರ್ಷದಾಗ ನಾಕೈದು ತಿಂಗಳು ಕಬ್ಬು, ಉಳಿದ ದಿನ ಗೊಬ್ಬರ, ಉಸುಕು, ಸಿಕ್ಕ ಲೋಡು.

ಹೋದ ಸೀಜನ್ ಮುಗಿಯೋ ಹೊತ್ತಿಗೆ ಲೋಡ್ ಮ್ಯಾಲ ಏರು ಬಂದ್ರ ಸಾಕು, ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಾಕ ಹತ್ತಿತ್ತು. ರೇಡಿಯೇಟರ್ ಬಿಚ್ಚಿ ಸರಳು ಹಾಯಿಸಿ ತೊಳಿಸೀನಿ. ಥರ್ಮೋಸ್ಟಾಟ್ ಹೊಸಾದು, ಬೆಲ್ಟ್ ಹೊಸಾದು. ಆದ್ರೂ ಅದ ಕತಿ. ಎಂಜಿನ್ ಬ್ಲಾಕಿನೊಳಗ ಹೊಲಸು ಕುಂತೈತಿ ಅಂತ ಎಲ್ಲಾರೂ ಅಂತಾರ. ಅದನ್ನ ತೊಳೀಬೇಕಂದ್ರ ಬ್ಲಾಕಿನ ಪಕ್ಕಕ್ಕಿರೋ ಹಿತ್ತಾಳಿ ಕಾಕ್ (ನೀರು ಹೊರಗ ಬಿಡೋ ನಳ) ಬಿಚ್ಚಬೇಕು. ಅದು ನಾ ನೋಡಿದಾಗಿಂದ ಒಮ್ಮೆನೂ ಬಿಚ್ಚಿಲ್ಲ. ಹಿಡಿಕಿ ತಿರುವಾಕ ಹೋದೆ, ಹಿಡಿಕಿ ಮುರದು ಕೈಯಾಗ ಬಂತು. ಊರಾಗಿನ ಒಂದು ಗ್ಯಾರೇಜಿಗೆ ಒಯ್ದೆ, ಅಲ್ಲಿ ಹುಡುಗ ಪಾನಾಕ್ಕ ಪೈಪು ಜೋಡಿಸಿ ಎಳದಾ. ಕಾಕ್ ಅಲುಗಲಿಲ್ಲ, ಅದರ ಮೂಲಿ ಎಲ್ಲಾ ಉಜ್ಜಿ ಗುಂಡಗಾತು.

ಈಗ ಒಬ್ಬರು ಗ್ಯಾಸ್ ಹಚ್ಚಿ ಕಾಸು ಅಂತಾರ. ಇನ್ನೊಬ್ಬರು ಕಾಸಿದ್ರ ಬ್ಲಾಕ್ ಸೀಳತೈತಿ ಅಂತಾರ. ಡೀಸೆಲ್ ಪೈಪು ಬ್ಯಾರೆ ಅಲ್ಲೇ ಒಂದು ಗೇಣಿನ ದೂರಕ್ಕ ಐತಿ. ಸಕ್ಕರಿ ಕಾರ್ಖಾನಿ ಚಾಲೂ ಆಗಾಕ ಇನ್ನ ಮೂರು ವಾರ. ಮನ್ಯಾಗ ಇರೋದು ಇದೊಂದ ಗಾಡಿ. ಗೊತ್ತಿದ್ದವರು ಹೇಳ್ರಿ.

ಗೋಕಾಕ_ಹೆಲ್ಪರ್ · ಸೋಮವಾರ ರಾತ್ರಿ 9:52

ಅಣ್ಣಾರ, ಡೀಸೆಲ್ ಹಾಕಿ ಎರಡು ದಿನ ಬಿಡ್ರಿ. ಅವಸರ ಮಾಡಬ್ಯಾಡ್ರಿ.

ಸಿಂದಗಿ_ಡ್ರೈವರ್ · ಸೋಮವಾರ ರಾತ್ರಿ 10:05

ಡೀಸೆಲ್‌ನ್ಯಾಗ ಏನೂ ಆಗಂಗಿಲ್ಲರಿ, ಮ್ಯಾಲಿನ ಮಣ್ಣು ತೊಳೀತದ ಅಷ್ಟ. ಅಡ್ಡ ಇರೋ ತೂತಿನ್ಯಾಗ ಎಣ್ಣಿ ನಿಲ್ಲಬೇಕಲ್ಲ. ಅರಿವಿ ಚೂರು ಎಣ್ಣ್ಯಾಗ ತೋಯ್ಸಿ ಕಾಕಿನ ಸುತ್ತ ಸುತ್ತಿ, ಮ್ಯಾಲ ಪ್ಲಾಸ್ಟಿಕ್ ಕಟ್ರಿ. ಮುಂಜಾನೆ ಸಂಜಿ ಮತ್ತ ತೋಯ್ಸ್ರಿ. ನಮ್ಮ ಗಾಡಿ ಸೈಲೆನ್ಸರಿನ ನಟ್ಟು ಹಂಗ ಬಿಚ್ಚೀವಿ.

ಆಟೋನಗರ_ಕಾಕಾ · ಸೋಮವಾರ ರಾತ್ರಿ 10:31

ತಮ್ಮಾ, ನಾ ಬೆಳಗಾವ್ಯಾಗ ಮೂವತ್ತ ವರ್ಷದ ಮ್ಯಾಲಾತು ಲಾರಿ ಕೆಲಸ ಮಾಡಾಕ ಹತ್ತಿ. ಹೇಳ್ತೀನಿ ಕೇಳು.

ಮೊದಲ ಮಾತು, ಇನ್ನ ಮ್ಯಾಲ ಪೈಪು ಜೋಡಿಸಿ ಎಳಿಬ್ಯಾಡ. ಹಿತ್ತಾಳಿ ಮೆತ್ತಗ ಇರ್ತೈತಿ, ಜೋರು ಹಾಕಿದ್ರ ಕುತ್ತಿಗಿಗೇ ತುಂಡ ಆಗತೈತಿ. ಎರಡನೇದು, ಬಿಚ್ಚೋದಕ್ಕಿಂತ ಮೊದಲ ಬಿಗಿ ಮಾಡೋ ಕಡೆ ಸ್ವಲ್ಪ ತಿರುವು. ತುಕ್ಕಿನ ಹಿಡಿತ ಯಾವ ಕಡಿಗೆ ಬಿಟ್ಟರೂ ಬಿಟ್ಟಂಗ. ಮೂರನೇದು ಬಡಿಯೋದು. ದೊಡ್ಡ ಸುತ್ತಿಗಿ ಬ್ಯಾಡ, ಸಣ್ಣದು ತಗೊಂಡು ಕಾಕಿನ ಮಾರಿಗೆ ನೆಟ್ಟಗ ನೂರು ಏಟು ಸಣ್ಣ ಸಣ್ಣಗ ಬಡಿ. ತುಕ್ಕು ಒಡದು ಎಣ್ಣಿಗೆ ದಾರಿ ಆಗತೈತಿ. ಇಷ್ಟಕ್ಕೂ ಬರಲಿಲ್ಲಂದ್ರ ಗ್ಯಾಸ್ ಹಚ್ಚಬೇಕು, ಬ್ಯಾರೆ ದಾರಿ ಇಲ್ಲ. ಕಾಸಿ, ಆರಾಕ ಬಿಟ್ಟು, ಇನ್ನ ಬಿಸಿ ಇದ್ದಾಗ ಮೇಣದಬತ್ತಿ ತಿಕ್ಕು. ಮೇಣ ಕರಗಿ ಚೂಡಿಯೊಳಗ (ಸ್ಕ್ರೂ ಸುತ್ತಿನ ಗೆರಿಯೊಳಗ) ಇಳೀತೈತಿ.

ಇಳಕಲ್_ಗ್ರಾನೈಟ್ · ಸೋಮವಾರ ರಾತ್ರಿ 10:48

ಕಾಕಾರ, ದಯಮಾಡಿ ಕಾಸ್ರಿ ಅಂತ ಹೇಳಬ್ಯಾಡ್ರಿ. ನಮ್ಮ ಗಾಡಿದು ಇದ ಜಾಗಾ, ಇದ ಕೆಲಸ. ಗ್ಯಾಸ್ ಹಚ್ಚಿದ್ರು, ಕಾಕ್ ಕೆಂಪಾತು, ಮ್ಯಾಲ ಒಂದು ಮಗ್ಗಾ ನೀರು ಸುರುವಿದ್ರು. ಟಿಕ್ ಅಂತ ಸಪ್ಪಳಾತು. ಅವತ್ತ ಏನೂ ಕಾಣಲಿಲ್ಲ. ನಾಕು ದಿನಕ್ಕ ಬ್ಲಾಕಿನ ಮ್ಯಾಲ ಕೂದಲೆಳಿಯಷ್ಟು ಗೆರಿ, ಅದರಾಗಿಂದ ನೀರು ಒಸರಾಕ ಹತ್ತಿತು. ಬೀಡು ವೆಲ್ಡಿಂಗ್ ಅಂತ ನಿಕ್ಕಲ್ ರಾಡ್ ಹಾಕಿಸಿದ್ವಿ, ಅದರ ಬಾಜೂಕ ಮತ್ತೊಂದು ಗೆರಿ ಬಿತ್ತು. ಕಡೀಕ ಬ್ಲಾಕ್ ಬದಲಿ ಮಾಡಿದ್ವಿ. ಒಂದು ಸಣ್ಣ ಕಾಕಿನ ಸಲುವಾಗಿ ಎರಡು ತಿಂಗಳು ಗಾಡಿ ನಿಂತಿತ್ತು.

ಆಟೋನಗರ_ಕಾಕಾ · ಸೋಮವಾರ ರಾತ್ರಿ 10:55

ಅದನ್ನ ಒಡದಿದ್ದು ಬೆಂಕಿ ಅಲ್ಲ, ನೀರು. ಕೆಂಪಾದ ಬೀಡಿನ ಮ್ಯಾಲ ತಣ್ಣೀರು ಸುರುವಿದ್ರ ಯಾವ ಬ್ಲಾಕೂ ತಾಳಂಗಿಲ್ಲ. ನಾ ಆರಾಕ ಬಿಡು ಅಂದೀನಿ, ನೀರು ಸುರುವು ಅಂದಿಲ್ಲ.

ಇಳಕಲ್_ಗ್ರಾನೈಟ್ · ಸೋಮವಾರ ರಾತ್ರಿ 11:02

ನಿಮಗ ಗೊತ್ತೈತಿ, ನೀವು ಸುರುವಂಗಿಲ್ಲ. ಈ ಹುಡುಗ ಹೋಗೋ ಗ್ಯಾರೇಜಿನ್ಯಾಗ ಯಾರು ಇರ್ತಾರ ಅಂತ ನಿಮಗ ಗೊತ್ತೈತೇನ್ರಿ? ಮೂಲಿ ಉಜ್ಜಿ ಕಳಿಸಿದವರ ಕೈಯಾಗ ಗ್ಯಾಸ್ ಕೊಡ್ರಿ ಅಂತ ಹೇಳಾಕ ನನಗ ಧೈರ್ಯ ಇಲ್ಲ.

ಡಿಪ್ಲೊಮಾ_ಮಾಸ್ತರ · ಮಂಗಳವಾರ ಬೆಳಿಗ್ಗೆ 7:15

ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ಒಂದು ವಿಷಯ ಯಾರೂ ಹೇಳಲಿಲ್ಲ. ಇಲ್ಲಿ ಹೊರಗಿರುವುದು ಬೀಡುಕಬ್ಬಿಣ, ಒಳಗಿರುವುದು ಹಿತ್ತಾಳೆ. ಬಿಸಿಯಾದರೆ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ. ಒಂದು ಡಿಗ್ರಿ ಏರಿದರೆ ಹಿತ್ತಾಳೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 19 ಪಾಲು ಹಿಗ್ಗಿದರೆ, ಬೀಡುಕಬ್ಬಿಣ 11 ಪಾಲಿನ ಆಸುಪಾಸು. 20 ಎಂ.ಎಂ. ದಪ್ಪದ ಕಾಕ್ ಎಂದುಕೊಳ್ಳಿ. ಎರಡನ್ನೂ 200 ಡಿಗ್ರಿ ಬಿಸಿ ಮಾಡಿದರೆ ತೂತು ದೊಡ್ಡದಾಗುವುದಕ್ಕಿಂತ ಕಾಕ್ ಎಂ.ಎಂ.ನ ನೂರರಲ್ಲಿ ಮೂರು ಪಾಲು ಹೆಚ್ಚು ದಪ್ಪವಾಗುತ್ತದೆ. ಚೂಡಿಯ ಸಂದಿಯಲ್ಲಿ ಅದು ಸಣ್ಣ ಅಳತೆಯಲ್ಲ. ಬಿಸಿ ಇರುವಾಗಲೇ ತಿರುಗಿಸಲು ಹೋದರೆ ಮೊದಲಿಗಿಂತ ಬಿಗಿಯಾಗಿರುತ್ತದೆ, ಕುತ್ತಿಗೆ ಮುರಿಯುವುದು ಆಗಲೇ.

ಸೈಲೆನ್ಸರ್ ಬೋಲ್ಟಿಗೆ ಕಾಸುವುದು ಒಗ್ಗುತ್ತದೆ, ಅಲ್ಲಿ ಎರಡೂ ಕಬ್ಬಿಣದ ಜಾತಿ, ಹೊರಗಿನ ನಟ್ಟನ್ನು ಮಾತ್ರ ಕಾಸಿ ಹಿಗ್ಗಿಸಬಹುದು. ಇಲ್ಲಿ ಲೆಕ್ಕ ತಿರುಗುಮುರುಗು. ಬ್ಲಾಕ್ ಬಿಸಿ ಇರಬೇಕು, ಕಾಕ್ ತಣ್ಣಗಿರಬೇಕು. ಎಂಜಿನ್ ಚಾಲೂ ಮಾಡಿ 80–90 ಡಿಗ್ರಿಗೆ ತಂದು ಬಂದ್ ಮಾಡಿ, ಒಂದು ಐಸ್ ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಕಾಕಿನ ಮೂತಿಗೆ ಮಾತ್ರ ಒತ್ತಿ ಹಿಡಿಯಿರಿ. ಆ ಬಿಸಿಗೆ ಬ್ಲಾಕ್ ಸೀಳುವ ಭಯವಿಲ್ಲ.

ಆಟೋನಗರ_ಕಾಕಾ · ಮಂಗಳವಾರ ಬೆಳಿಗ್ಗೆ 8:40

ಮಾಸ್ತರ, ಲೆಕ್ಕ ಬರೋಬ್ಬರಿ ಐತಿ. ಆದ್ರ ನಾವು ಕಾಸೋದು ತೂತು ಹಿಗ್ಗಲಿ ಅಂತ ಅಲ್ಲರಿ. ಹಿತ್ತಾಳಿ ಹಿಗ್ಗಾಕ ಹೋಗತೈತಿ, ಸುತ್ತ ಬೀಡು ಬಿಡಂಗಿಲ್ಲ, ಹಿತ್ತಾಳಿ ಒಳಗ ಹಿಚಿಕಿಕೊಳ್ಳತೈತಿ. ಪೂರಾ ಆರಿದ ಮ್ಯಾಲ ಅದು ಮೊದಲಿಗಿಂತ ಕೂದಲಷ್ಟು ಸಣ್ಣದಾಗಿರ್ತೈತಿ. ಅದಕ್ಕ ಬಿಸಿ ಇದ್ದಾಗ ಮುಟ್ಟಬಾರದು, ಆರಿದ ಮ್ಯಾಲ ಬಿಚ್ಚಬೇಕು. ನನ್ನ ವಸ್ತಾದ ನನಗ ಹೇಳಿಕೊಟ್ಟಿದ್ದು ಇದ. ಕಾರಣ ಹೇಳಿರಲಿಲ್ಲ, ಆರಲಿ ತಡಿ ಅಂತ ಮಾತ್ರ ಅಂದಿದ್ದ.

ಡಿಪ್ಲೊಮಾ_ಮಾಸ್ತರ · ಮಂಗಳವಾರ ಬೆಳಿಗ್ಗೆ 9:05

ನಿಮ್ಮ ವಸ್ತಾದರು ಹೇಳಿದ್ದು ಸರಿ. ಅದು ನಿಜವಾಗಿಯೂ ಕೆಲಸ ಮಾಡುವ ವಿಧಾನ, ಒಪ್ಪುತ್ತೇನೆ. ಡೀಸೆಲ್ ಪೈಪು ಗೇಣಿನ ದೂರದಲ್ಲಿದೆ ಎಂಬುದಷ್ಟೇ ನನ್ನ ಚಿಂತೆ. ಅದೂ ಅಲ್ಲದೆ ಒಳಗೆ ನೀರು ಉಳಿದಿದ್ದು ರೇಡಿಯೇಟರ್ ಕ್ಯಾಪ್ ಹಾಕಿಯೇ ಕಾಸಿದರೆ ಉಗಿ ಕಟ್ಟಿ ಮುಖಕ್ಕೆ ಹೊಡೆಯುತ್ತದೆ.

ನಿಪ್ಪಾಣಿ_ಲೈನ್ · ಮಂಗಳವಾರ ಬೆಳಿಗ್ಗೆ 9:30

ಚೂಡಿ ಉಲ್ಟಾ ಇರಬಹುದೇನ್ರಿ? ಹಳೆ ಲಾರಿಗೋಳಾಗ ಎಡಗಡೆ ಗಾಲಿ ನಟ್ಟು ಉಲ್ಟಾ ಇರ್ತಾವಲ್ಲ. ನಮ್ಮ ಹೊಸ ಕ್ಲೀನರ್ ಹುಡುಗ ತವಂದಿ ಘಾಟಿನ್ಯಾಗ ಪಂಕ್ಚರ್ ಆದಾಗ ಅರ್ಧ ತಾಸು ನಟ್ಟು ಬಿಗಿ ಮಾಡಿದ್ದ, ಬಿಚ್ಚಾಕ ಹತ್ತೀನಿ ಅಂತ.

ಆಟೋನಗರ_ಕಾಕಾ · ಮಂಗಳವಾರ ಬೆಳಿಗ್ಗೆ 9:41

ಗಾಲಿಗೆ ಅಷ್ಟ. ನೀರಿನ ಕಾಕಿಗೆ ಸೀದಾ ಚೂಡಿನ.

ತಿಕೋಟಾ_ದ್ರಾಕ್ಷಿ · ಮಂಗಳವಾರ ಮಧ್ಯಾಹ್ನ 1:20

ಕಾಕಿನ ಮಾತು ನಡೀಲಿ, ನಾ ನೀರಿನ ಮಾತು ಹೇಳ್ತೀನಿ. ಈ ಗಾಡಿಗೆ ಇಷ್ಟು ವರ್ಷ ಏನು ನೀರು ಹಾಕ್ಯಾರ? ಬೋರಿನ ನೀರ ಹೌದಲ್ಲೊ? ನಮ್ಮ ಕಡಿ ಬೋರಿನ ನೀರು ಒಂದು ಕೊಡ ಕಾಸಿದ್ರ ತಳಕ್ಕ ಬಿಳಿ ಪೊರಿ ಕುಂದರ್ತದ. ದ್ರಾಕ್ಷಿಗೆ ಡ್ರಿಪ್ ಹಾಕಿದವರಿಗೆ ಕೇಳ್ರಿ, ತೂತು ಕಟ್ಟಿ ಕಟ್ಟಿ ಸಾಕಾಗಿ ಲೈನಿಗೆ ಆಸಿಡ್ ಬಿಡ್ತೀವಿ. ಅದ ನೀರು ದಿನಾ ಎಂಜಿನ್ನಿನ್ಯಾಗ ಕುದ್ದರ ಒಳಗ ಸುಣ್ಣದ ಗ್ವಾಡಿ ಕಟ್ಟದ ಬಿಡ್ತದೇನು? ಆ ಕಾಕ್ ತುಕ್ಕಿಗಷ್ಟ ಅಲ್ಲ, ಸುಣ್ಣಕ್ಕೂ ಹಿಡದಿರ್ತದ. ಡ್ರಿಪ್ಪಿಗೆ ಹಾಕೋ ಆಸಿಡ್ ರೇಡಿಯೇಟರಿನ್ಯಾಗ ಸ್ವಲ್ಪ ಹಾಕಿ ನೋಡ್ರಿ.

ಡಿಪ್ಲೊಮಾ_ಮಾಸ್ತರ · ಮಂಗಳವಾರ ಮಧ್ಯಾಹ್ನ 1:34

ದಯವಿಟ್ಟು ಆ ಆಸಿಡ್ ಹಾಕಬೇಡಿ. ಪ್ಲಾಸ್ಟಿಕ್ ಪೈಪಿಗೆ ನಡೆಯುವುದು ಕಬ್ಬಿಣಕ್ಕೆ ನಡೆಯುವುದಿಲ್ಲ. ಸುಣ್ಣದ ಜೊತೆ ಬ್ಲಾಕನ್ನೂ, ರೇಡಿಯೇಟರಿನ ಬೆಸುಗೆಯನ್ನೂ ತಿನ್ನುತ್ತದೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಲಿಂಬೆ ಉಪ್ಪು (ಸಿಟ್ರಿಕ್ ಆಸಿಡ್ ಪುಡಿ) ಸಾಕು. 20 ಲೀಟರ್ ನೀರಿಗೆ ಅರ್ಧ ಕಿಲೋ, ಎಂಜಿನ್ ಬಿಸಿ ಮಾಡಿ ಒಂದೆರಡು ತಾಸು ಓಡಿಸಿ ಬಿಟ್ಟು, ಆಮೇಲೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಒಮ್ಮೆ, ಬರೀ ನೀರಿನಲ್ಲಿ ಎರಡು ಸಲ ತೊಳೆಯಿರಿ. ಇದನ್ನೆಲ್ಲ ಮಾಡುವುದು ಕಾಕ್ ತೆಗೆದ ಮೇಲೆ. ಕೆಸರು ಹೊರಗೆ ಹೋಗಲು ದಾರಿ ಇಲ್ಲದೆ ಸುಣ್ಣ ಸಡಿಲಿಸಿದರೆ ಅದು ಹೋಗಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಸಿಂದಗಿ_ಡ್ರೈವರ್ · ಮಂಗಳವಾರ ಮಧ್ಯಾಹ್ನ 2:10

ಇಂಡಿ ಲಿಂಬಿ ಹಿಂಡಿದ್ರ ನಡೀತದೇನ್ರಿ ಸರ? ನಮ್ಮಲ್ಲಿ ರೇಟ್ ಬಿದ್ದಾಗ ಮೂಟಿಗಟ್ಲೆ ಸಿಗ್ತಾವ.

ಡಿಪ್ಲೊಮಾ_ಮಾಸ್ತರ · ಮಂಗಳವಾರ ಮಧ್ಯಾಹ್ನ 2:18

ಹುಳಿ ಅದೇ, ಆದರೆ ರಸದಲ್ಲಿ ತಿರುಳು, ಸಕ್ಕರೆ ಇರುತ್ತದೆ. ಒಳಗೆ ಅಂಟುತ್ತದೆ. ಪುಡಿಯೇ ಇರಲಿ.

ಮುಧೋಳ_1613 · ಮಂಗಳವಾರ ರಾತ್ರಿ 9:10

ಹೌದ್ರಿ, ಬೋರಿನ ನೀರ. ಅಪ್ಪಾರು ಮೊದಮೊದಲು ಕಾಲುವಿ ನೀರು ಹಾಕ್ತಿದ್ರಂತ, ಆಮ್ಯಾಲ ಮನಿ ಮುಂದ ಬೋರ್ ಆತು. ಕೂಲಂಟ್ ಅನ್ನೋದನ್ನ ಈ ಗಾಡಿ ನೋಡೇ ಇಲ್ಲ. ಇಲ್ಲೆ ನೀರೇನು ಹೆಪ್ಪುಗಟ್ಟತೈತಿ, ಅದ್ಯಾಕ ಬೇಕು ಅಂತ ಎಲ್ಲಾರೂ ಅಂತಿದ್ರು.

ಇವತ್ತಿಂದ ಎಣ್ಣಿ ಅರಿವಿ ಸುತ್ತೀನಿ. ಡೀಸೆಲ್ ಅರ್ಧ, ಸ್ಟೇರಿಂಗ್ ಎಣ್ಣಿ ಅರ್ಧ. ಐಸಿನ ಉಪಾಯ ಗುರುವಾರ ಮಾಡ್ತೀನಿ.

ಡಿಪ್ಲೊಮಾ_ಮಾಸ್ತರ · ಮಂಗಳವಾರ ರಾತ್ರಿ 9:32

ಕೂಲಂಟ್ ಹೆಪ್ಪುಗಟ್ಟದಿರಲಿ ಎಂದು ಮಾತ್ರ ಅಲ್ಲ. ಅದರಲ್ಲಿ ತುಕ್ಕು ತಡೆಯುವ ಮದ್ದು ಇರುತ್ತದೆ, ನಮ್ಮ ಕಡೆಗೆ ಬೇಕಿರುವುದು ಅದೇ. ಹಿತ್ತಾಳೆ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿಕೊಂಡು ಉಪ್ಪು ನೀರಲ್ಲಿ ಕುಳಿತರೆ ಅದೊಂದು ಸಣ್ಣ ಬ್ಯಾಟರಿ. ಆ ಬ್ಯಾಟರಿಯಲ್ಲಿ ಕರಗುವುದು ಕಬ್ಬಿಣ. ಕರಗಿದ ಕಬ್ಬಿಣ ತುಕ್ಕಾಗಿ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಚೂಡಿಯ ಸಂದಿಯಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ, ಹಾಗಾಗಿ ಬೆಣೆ ಹೊಡೆದಂತೆ ಹಿಡಿದುಕೊಳ್ಳುತ್ತದೆ.

ತಿಕೋಟಾ_ದ್ರಾಕ್ಷಿ · ಮಂಗಳವಾರ ರಾತ್ರಿ 9:50

ಮಳಿ ನೀರು ಹಿಡದು ಹಾಕಿದ್ರ?

ಆಟೋನಗರ_ಕಾಕಾ · ಮಂಗಳವಾರ ರಾತ್ರಿ 9:58

ಚೊಲೋ ಮಾತು. ಬೆಳಗಾವ್ಯಾಗ ಮಳಿಗೇನು ಕಡಿಮಿ ಇಲ್ಲ, ನಾವು ಹಿಂದ ಹಂಗ ಮಾಡ್ತಿದ್ವಿ. ಪತ್ರಾಸಿನ ಮ್ಯಾಲಿನ ಮೊದಲ ಮಳಿ ಬಿಟ್ಟು ಎರಡನೇ ಮಳಿದು ಹಿಡೀಬೇಕು. ಕೂಲಂಟ್ ಕಲಿಸಾಕೂ ಅದ ನೀರು ಚೊಲೋ.

ಲೇತ್_ಜಮಖಂಡಿ · ಬುಧವಾರ ರಾತ್ರಿ 8:15

ತಡಾ ಆತು, ಈಗ ನೋಡಿದೆ. ಒಂದು ಮಾತು ಈಗ್ಲೇ ಹೇಳಿ ಇಡ್ತೀನಿ, ಮುಂದ ಬೇಕಾಗತೈತಿ. ಕಾಕಿನ ಕಿಮ್ಮತ್ತು ಏನೂ ಅಲ್ಲ, ಹೋದ್ರ ಹೋಗ್ಲಿ. ಉಳೀಬೇಕಾಗಿದ್ದು ಬ್ಲಾಕಿನ ಚೂಡಿ. ಎಲ್ಲಾರೂ ಕಾಕ್ ಉಳಸಾಕ ಹೋಗಿ ಬ್ಲಾಕ್ ಕೆಡಿಸ್ತಾರ.

ಕುತ್ತಿಗಿ ಮುರದರ ಗಾಬರಿ ಆಗಬ್ಯಾಡ್ರಿ, ಫೋನ್ ನೋಡ್ರಿ, ಇಲ್ಲಿ ಬರೀರಿ. ಯಾರರ ಈಜಿ ಔಟ್ (ಮುರದ ಬೋಲ್ಟ್ ತಗಿಯೋ ಹತಾರ) ಹಾಕೋಣು ಅಂದ್ರ ಬ್ಯಾಡ ಅನ್ರಿ. ಅದು ಚೂಪಾಗಿ ಒಳಗ ಹೊಕ್ಕು ಹಿತ್ತಾಳಿನ ಹೊರಗ ಅಗಲಸತೈತಿ, ತೆಳು ಹಿತ್ತಾಳಿ ಬ್ಲಾಕಿಗೆ ಇನ್ನ ಒತ್ತಿ ಕುಂದರ್ತೈತಿ. ಅದ ಒಳಗ ಮುರದ್ರ ಮುಗೀತು. ಗಟ್ಟಿ ಉಕ್ಕು, ಡ್ರಿಲ್ ಅದರ ಮ್ಯಾಲ ನಡೆಯಂಗಿಲ್ಲ. ವಾರಕ್ಕೊಂದು ಅಂಥಾ ಕೇಸ್ ನನ್ನ ಲೇತಿಗೆ ಬರ್ತೈತಿ.

ಮುಧೋಳ_1613 · ಗುರುವಾರ ರಾತ್ರಿ 8:50

ಎಂಜಿನ್ ಬಿಸಿ ಮಾಡಿದೆ, ಐಸ್ ಹಿಡಿದೆ, ಬಿಗಿ ಕಡೆ ಸ್ವಲ್ಪ, ಬಿಚ್ಚೋ ಕಡೆ ಸ್ವಲ್ಪ. ಮೂರನೇ ಸಲಕ್ಕ ಏನೋ ಅಲುಗಿದಂಗಾತು. ಬಿಚ್ಚಾಕ ಹತ್ತೈತಿ ಅಂತ ಖುಷಿ ಆದೆ. ಅಲುಗಿದ್ದು ಚೂಡಿ ಅಲ್ಲರಿ, ಕುತ್ತಿಗಿ. ಬ್ಲಾಕಿನ ಸಮಕ್ಕ ತುಂಡಾಗಿ ಬಂತು. ಒಳಗ ಹಿತ್ತಾಳಿ ಬಳಿ (ಉಂಗುರದಂಥಾ ತುಂಡು) ಹಂಗ ಐತಿ. ಅಪ್ಪಾರು ನೋಡಿ ಏನೂ ಅನ್ನಲಿಲ್ಲ, ಒಳಗ ಹೋಗಿ ಮಕ್ಕೊಂಡ್ರು. ನನಗ ಊಟ ಸೇರವಲ್ದು.

ಗೋಕಾಕ_ಹೆಲ್ಪರ್ · ಗುರುವಾರ ರಾತ್ರಿ 8:55

ಅಣ್ಣಾರ ಊಟಾ ಮಾಡ್ರಿ ಮೊದಲ.

ಸಿಂದಗಿ_ಡ್ರೈವರ್ · ಗುರುವಾರ ರಾತ್ರಿ 9:01

ಮುರದ ಬೋಲ್ಟಿಗೆ ನಟ್ಟು ಇಟ್ಟು ಒಳಗ ವೆಲ್ಡಿಂಗ್ ತುಂಬ್ರಿ, ನಟ್ಟು ಹಿಡದು ತಿರುವಿದ್ರ ಬರ್ತದ. ನಾ ಕಣ್ಣಾರೆ ನೋಡೀನಿ.

ಲೇತ್_ಜಮಖಂಡಿ · ಗುರುವಾರ ರಾತ್ರಿ 9:14

ಉಕ್ಕಿನ ಬೋಲ್ಟಿಗೆ ಅದು ಬರೋಬ್ಬರಿ, ನಾನೂ ಮಾಡ್ತೀನಿ. ಹಿತ್ತಾಳಿಗೆ ನಡೆಯಂಗಿಲ್ಲ. ಹಿತ್ತಾಳ್ಯಾಗ ಸತುವು ಇರ್ತೈತಿ, ಅದು 907 ಡಿಗ್ರಿಗೆ ಕುದ್ದು ಹಾರತೈತಿ. ವೆಲ್ಡಿಂಗ್ ಬೆಂಕಿಗೆ ಬಿಳಿ ಹೊಗಿ ಎದ್ದು ಗುಳ್ಳಿ ಗುಳ್ಳಿ ಆಗತೈತಿ, ನಟ್ಟು ಹಿಡಿಯಂಗಿಲ್ಲ. ಆ ಹೊಗಿ ಕುಡದವರಿಗೆ ರಾತ್ರಿ ಥಂಡಿ ಜ್ವರ ಬರ್ತೈತಿ.

ಮುಧೋಳದವರ, ಒಂದು ಕೇಳ್ತೀನಿ. ಕುತ್ತಿಗಿ ಮುರದಾಗ ತೂತಿನಾಗಿಂದ ನೀರು ಬಂತೇನು?

ಮುಧೋಳ_1613 · ಗುರುವಾರ ರಾತ್ರಿ 9:20

ಇಲ್ರಿ. ಒಂದು ಹನಿ ಸೈತ ಇಲ್ಲ. ರೇಡಿಯೇಟರ್ ಕೆಳಗಿನ ಪೈಪು ಬಿಚ್ಚಿ ನೀರು ತಗದಿದ್ದೆ, ಅದಕ್ಕ ಇರಬೇಕು ಅಂದಕೊಂಡೆ.

ಲೇತ್_ಜಮಖಂಡಿ · ಗುರುವಾರ ರಾತ್ರಿ 9:47

ಕೆಳಗಿನ ಪೈಪಿನಾಗಿಂದ ಬ್ಲಾಕಿನ ತಳದ ನೀರು ಪೂರಾ ಬರಂಗಿಲ್ಲ. ಹನಿನೂ ಬಂದಿಲ್ಲಂದ್ರ ಕಾಕಿನ ಹಿಂದ ಕೆಸರು ಗಟ್ಟಿಯಾಗಿ ಗ್ವಾಡಿ ಆಗೈತಿ. ನಿಮ್ಮ ಎಂಜಿನ್ ಕಾಯೋದು ಅದಕ್ಕ. ಚೊಲೋ ಸುದ್ದಿನ ಅದು, ರೋಗ ಸಿಕ್ಕತು.

ಈಗ ಹೇಳೋದು ನಿಧಾನದ ಕೆಲಸ. ಬೆಂಕಿ ಬ್ಯಾಡ, ಜೋರು ಬ್ಯಾಡ.

ಒಳಗಿನ ತೂತಿಗೇ ಡ್ರಿಲ್ ಹಾಕಿ ದೊಡ್ಡದು ಮಾಡ್ರಿ. 8 ಎಂ.ಎಂ., ಆಮ್ಯಾಲ 10, ಆಮ್ಯಾಲ 12, ಹಂಗ ಏರಿಸ್ಕೋತ ಹೋಗ್ರಿ, ಒಮ್ಮೆಲೆ ದೊಡ್ಡದು ಹಾಕಬ್ಯಾಡ್ರಿ, ಹಿತ್ತಾಳಿ ಡ್ರಿಲ್ ಬಿಟ್ಟನ್ನ ಕಚ್ಚಿ ಎಳೀತೈತಿ. ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತು ಮಾಡ್ರಿ, ಇಲ್ಲಂದ್ರ ಒಳಗಿನ ಗ್ವಾಡಿಗೆ ಬಡೀತೈತಿ. ನಡಾ ನೆಟ್ಟಗ ಇರಬೇಕು. ಚೂಡಿಗೆ ಇನ್ನ ಒಂದೂವರೆ ಎರಡು ಎಂ.ಎಂ. ಇರೋವಾಗ ನಿಲ್ಲಿಸ್ರಿ.

ಆಮ್ಯಾಲ ಹ್ಯಾಕ್ಸಾ ಬ್ಲೇಡ್ ಒಂದು ತುದಿಗೆ ಅರಿವಿ ಸುತ್ತಿ ಕೈಯಾಗ ಹಿಡಕೊಂಡು, ತೂತಿನೊಳಗ ಹಾಕಿ ಹಿತ್ತಾಳಿನ ಒಳಗಿಂದ ಹೊರಗ ಸೀಳ್ರಿ. ಕೆಳಗೊಂದು, ಮ್ಯಾಲೊಂದು. ಎಷ್ಟು ಆಳ ಅಂತ ಕಣ್ಣಿಗೆ ಕಾಣಂಗಿಲ್ಲ, ಪುಡಿ ನೋಡ್ರಿ. ಹಳದಿ ಪುಡಿ ಬರೋತನಕಾ ಹಿತ್ತಾಳಿ. ಕರೀ ಪುಡಿ ಕಂಡಿತೋ, ಅದು ಬ್ಲಾಕು, ಕೈ ನಿಲ್ಲಿಸ್ರಿ. ಎರಡೂ ಸೀಳು ಆದ ಮ್ಯಾಲ ಸಣ್ಣ ಚಾಣದ ತುದಿ ಸೀಳಿನ ಅಂಚಿಗೆ ಇಟ್ಟು ಒಳಮುಖವಾಗಿ ಮೆಲ್ಲಕ ಬಡೀರಿ. ಬಳಿ ಒಳಗ ಮಡಚಿಕೊಳ್ಳತೈತಿ.

ಬಿಸಿಲು ಬೀಳೋ ಹೊತ್ತಿನ್ಯಾಗ ಮಾಡ್ರಿ, ಪುಡಿ ಬಣ್ಣ ಚೊಲೋ ಕಾಣತೈತಿ.

ಇಳಕಲ್_ಗ್ರಾನೈಟ್ · ಗುರುವಾರ ರಾತ್ರಿ 9:55

ಇದನ್ನ ನನಗ ಆವಾಗ ಯಾರರ ಹೇಳಿದ್ರ ನನ್ನ ಬ್ಲಾಕ್ ಉಳೀತಿತ್ತು.

ಆಟೋನಗರ_ಕಾಕಾ · ಗುರುವಾರ ರಾತ್ರಿ 10:10

ಲೇತಿನವರ ಮಾತು ನಾ ಒಪ್ಪತೀನಿ. ನನ್ನ ಕೈಯಾಗ ಇದ್ರ ಈಗ್ಲೂ ಕಾಸೇ ತಗೀತಿದ್ದೆ, ಆದ್ರ ಬ್ಲಾಕಿನ ಸಮಕ್ಕ ಮುರದ ಮ್ಯಾಲ ಹಿಡಿಯಾಕ ಏನೂ ಇಲ್ಲ. ತಮ್ಮಾ, ಡ್ರಿಲ್ಲಿಗೆ ಗ್ರೀಸ್ ಹಚ್ಚು, ಪುಡಿ ಅಂಟಕೊಂಡು ಹೊರಗ ಬರ್ತೈತಿ. ಬ್ಯಾಟರಿ ವಾಯರ್ ಬಿಚ್ಚಿ ಕೆಲಸಾ ಮಾಡು. ಗಾಡಿ ಕೆಳಗ ಹೋಗೋವಾಗ ಗಾಲಿಗೆ ಕಲ್ಲು ಹಾಕೋದು ಮರೀಬ್ಯಾಡ.

ಮುಧೋಳ_1613 · ಭಾನುವಾರ ಸಂಜೆ 6:30

ಬಂತ್ರಿ! ಚೂಡಿ ಒಂದೂ ಕೆಟ್ಟಿಲ್ಲ.

ಮುಂಜಾನೆ ಎಂಟಕ್ಕ ಶುರು ಮಾಡಿದೆ, ತಮ್ಮ ಟಾರ್ಚ್ ಹಿಡದಾ. ಡ್ರಿಲ್ ಮಾಡೋದು ಅರ್ಧ ತಾಸಿನ್ಯಾಗ ಆತು, ಲೇತಿನವರು ಹೇಳಿದಂಗ 12ಕ್ಕ ನಿಲ್ಲಿಸಿದೆ. ತೂತು ನಟ್ಟ ನಡುವ ಬೀಳಲಿಲ್ಲ, ಒಂದು ಕಡೆ ಹಿತ್ತಾಳಿ ತೆಳು, ಒಂದು ಕಡೆ ದಪ್ಪ. ತೆಳು ಇದ್ದ ಕಡೆ ಮೊದಲ ಸೀಳಿದೆ. ಗಾಡಿ ಕೆಳಗ ಮಕ್ಕೊಂಡು ಬ್ಲೇಡ್ ಎಳೀಬೇಕಂದ್ರ ಕೈ ಒಂದು ಬೆರಳಿನಷ್ಟು ಮಾತ್ರ ಹಿಂದ ಮುಂದ ಆಡತೈತಿ. ಹತ್ತು ಸಲ ಎಳಿಯೋದು, ಬಿಳಿ ಕಾಗದದ ಮ್ಯಾಲ ಪುಡಿ ಝಾಡ್ಸೋದು, ತಮ್ಮಗ ತೋರ್ಸೋದು. ಹಳದಿ, ಹಳದಿ, ಹಳದಿ. ಮುಕ್ಕಾಲು ತಾಸಿನ ಮ್ಯಾಲ ತಮ್ಮ ‘ಅಣ್ಣಾ ನಿಲ್ಲು’ ಅಂದಾ. ಹಳದಿ ಪುಡಿಯೊಳಗ ಕಾಡಿಗಿ ಚಲ್ಲಿದಂಗ ನಾಕು ಕರೀ ಚುಕ್ಕಿ. ಅಲ್ಲಿಗೆ ಕೈ ತಗದೆ.

ಇನ್ನೊಂದು ಕಡೆ ಒಂದೂವರೆ ತಾಸು ಹಿಡೀತು, ಎರಡು ಬ್ಲೇಡ್ ಮುರದ್ವು. ಚಾಣ ಇಟ್ಟು ಬಡಿಯೋವಾಗ ಅಪ್ಪಾರು ಹೊರಗ ಬಂದು ಬಾಜೂಕ ಕುಂತ್ರು. ಐದಾರು ಏಟಿಗೆ ಅಂಚು ಮಡಚಿತು, ಸಪ್ಪಳ ಬದಲಾತು. ಮೊದಲ ‘ಟಣ್ ಟಣ್’ ಅಂತಿತ್ತು, ಆಮ್ಯಾಲ ‘ಡಬ್ ಡಬ್’. ಅಪ್ಪಾರು ‘ಬಿಟ್ಟತು, ಈಗ ಎಳಿ’ ಅಂದ್ರು. ನೋಸ್ ಪ್ಲೈಯರ್ ಹಾಕಿ ಎಳದೆ, ಅರ್ಧ ಬಳಿ ಕೈಯಾಗ ಬಂತು. ಇನ್ನರ್ಧ ಬೆರಳಿನ್ಯಾಗ ತಿರುವಿದ್ರ ತಿರುಗಾಕ ಹತ್ತಿತು.

ಲೇತಿನವರು ಹೇಳಿದ್ದು ಖರೇ ಐತಿ, ಬಳಿ ಪೂರಾ ಹೊರಗ ಬಂದ್ರೂ ನೀರು ಬರಲಿಲ್ಲ. ಟಾರ್ಚ್ ಬಿಟ್ಟು ನೋಡಿದ್ರ ಒಳಗ ಇಟ್ಟಂಗಿ ಬಣ್ಣದ ಗ್ವಾಡಿ. ಸೈಕಲ್ ಕಡ್ಡಿ ಹಾಕಿ ಚುಚ್ಚಿದೆ, ಬೆಲ್ಲದ ಪಾಕ ಗಟ್ಟಿಯಾದಂಗ ತುಂಡು ತುಂಡು ಬಿತ್ತು. ನಾಕನೇ ಸಲ ಚುಚ್ಚಿದಾಗ ನೀರು ಸಿಡದು ನನ್ನ ಮಾರಿ, ಅಂಗಿ ಎಲ್ಲಾ ಕೆಂಪು ಮಣ್ಣಿನ ಬಣ್ಣ ಆತು. ಬಕೆಟ್ ಇಟ್ಟು ಅರಿವ್ಯಾಗ ಸೋಸಿದ್ವಿ. ಎರಡು ಬೊಗಸಿ ತುಂಬ ಕೆಸರು, ಅದರೊಳಗ ಉಗುರಿನಷ್ಟು ದಪ್ಪದ ಸುಣ್ಣದ ಹಕ್ಕಳಿ.

ಗೋಕಾಕ_ಹೆಲ್ಪರ್ · ಭಾನುವಾರ ಸಂಜೆ 6:34

ಭಾರಿ ಆತ್ರಿ ಅಣ್ಣಾರ!!

ಆಟೋನಗರ_ಕಾಕಾ · ಭಾನುವಾರ ಸಂಜೆ 6:50

ಶಾಬಾಶ್ ತಮ್ಮಾ. ಸಪ್ಪಳ ಬದಲಾದದ್ದು ನಿಮ್ಮ ಅಪ್ಪಗ ತಿಳೀತು ನೋಡು, ಅದು ಗಾಡಿ ಜೋಡಿ ಇದ್ದವರಿಗೇ ತಿಳಿಯೋದು. ಈಗ ಥರ್ಮೋಸ್ಟಾಟ್ ತಗದು ಮ್ಯಾಲಿಂದ ಪೈಪ್ ಹಚ್ಚಿ ನೀರು ಬಿಡು, ಕೆಳಗ ತಿಳಿ ಬರೋತನಕಾ. ಎಂಜಿನ್ ಪೂರಾ ತಣ್ಣಗಾದ ಮ್ಯಾಲ.

ಲೇತ್_ಜಮಖಂಡಿ · ಭಾನುವಾರ ರಾತ್ರಿ 7:25

ಬಾಳ ಸಂತೋಷ ಆತು. ಹೊಸ ಕಾಕ್ ಹಾಕೋದಕ್ಕಿಂತ ಮೊದಲ ಚೂಡಿಗೆ ಟ್ಯಾಪ್ (ಚೂಡಿ ಕೊರಿಯೋ ಹತಾರ) ಹಾಯಿಸಬೇಕು, ಕೈಯಿಂದ. ಅಂದಾಜಿನ ಟ್ಯಾಪ್ ಹಾಕಬ್ಯಾಡ್ರಿ. ಹಳೆ ತುಂಡು ತಗೊಂಡು ಬರ್ರಿ, ಗೇಜ್ ಹಿಡದು ನೋಡಿ ನಾನ ಟ್ಯಾಪ್ ಕೊಡ್ತೀನಿ, ಕೆಲಸಾ ಮಾಡಿ ವಾಪಸ್ ತಂದು ಕೊಡ್ರಿ. ಚೂಡಿ ತುದಿ ಕಡೆ ಚೂಪಾಗಿದ್ರ ಟೆಫ್ಲಾನ್ ಎರಡು ಸುತ್ತು ಸಾಕು, ಕೈಲೇ ಬಿಗಿ ಆದ ಮ್ಯಾಲ ಪಾನಾದಿಂದ ಒಂದು, ಒಂದೂವರೆ ಸುತ್ತು. ಸೀದಾ ಚೂಡಿ ಇದ್ರ ತಾಮ್ರದ ವಾಷರ್ ಬೇಕು.

ನಿಪ್ಪಾಣಿ_ಲೈನ್ · ಭಾನುವಾರ ರಾತ್ರಿ 7:40

ಹೊಸಾದು ಹಿತ್ತಾಳಿದ ಹಾಕಬೇಕೇನು ಕಬ್ಬಿಣದ ಪ್ಲಗ್ಗ ಹಾಕಬೇಕೇನು? ಕಬ್ಬಿಣದ್ದು ಗಟ್ಟಿ ಇರ್ತೈತಲ್ಲ.

ಲೇತ್_ಜಮಖಂಡಿ · ಭಾನುವಾರ ರಾತ್ರಿ 7:52

ಹಿತ್ತಾಳಿದ. ಇವತ್ತ ಬ್ಲೇಡಿನಿಂದ ಸೀಳಾಕ ಬಂದಿದ್ದು ಅದು ಮೆತ್ತಗಿದ್ದದ್ದಕ್ಕ. ಉಕ್ಕಿನ ಪ್ಲಗ್ ಹಿಂಗ ಹಿಡದಿದ್ರ ಮನ್ಯಾಗ ಕುಂತು ಸೀಳಾಕ ಆಗ್ತಿರಲಿಲ್ಲ. ವರ್ಷಕ್ಕೊಮ್ಮೆ ಸೀಜನ್ ಶುರು ಆಗೋ ಮೊದಲ ಬಿಚ್ಚಿ ಹಾಕ್ರಿ, ಹಿಡಿಯಂಗಿಲ್ಲ.

ತಿಕೋಟಾ_ದ್ರಾಕ್ಷಿ · ಭಾನುವಾರ ರಾತ್ರಿ 8:20

ಇದನ್ನೆಲ್ಲ ಓದಿ ನಮ್ಮ ಟ್ರ್ಯಾಕ್ಟರಿನ ಕಾಕ್ ಹೋಗಿ ನೋಡಿ ಬಂದೆ. ಅದೂ ಅಲುಗವಲ್ದು. ಇವತ್ತಿಂದ ಎಣ್ಣಿ ಅರಿವಿ ಸುತ್ತತೀನಿ, ಜೋರು ಮಾಡಂಗಿಲ್ಲ.

ಮುಧೋಳ_1613 · ಶುಕ್ರವಾರ ರಾತ್ರಿ 9:15

ಜಮಖಂಡಿಗೆ ಹೋಗಿ ಬಂದೆ, ಟ್ಯಾಪ್ ಹಾಯಿಸಿದೆ, ಹೊಸ ಕಾಕ್ ಕುಂತೈತಿ. ಅಣ್ಣಾರು ರೊಕ್ಕಾ ತಗೊಳ್ಳಲಿಲ್ಲ, ಚಹಾ ಕುಡಿಸಿ ಕಳಿಸಿದ್ರು. ಲಿಂಬಿ ಉಪ್ಪು ಒಂದು ಸಲ, ಸೋಡಾ ಒಂದು ಸಲ, ಬರೀ ನೀರು ಮೂರು ಸಲ. ಮೂರನೇದು ತಿಳಿ ಬಂತು. ಈಗ ಕೂಲಂಟ್ ಹಾಕೀನಿ, ನೀರು ಮಳಿದು, ಅತ್ತಿ ಮನ್ಯಾಗ ಡ್ರಮ್ಮಿನ್ಯಾಗ ಹಿಡದಿಟ್ಟಿದ್ರು.

ಇವತ್ತ ಗೊಬ್ಬರ ಲೋಡ್ ಮಾಡಿ ಬಾಗಲಕೋಟಿಗೆ ಹೋಗಿ ಬಂದೆ. ಮುಳ್ಳು ನಡುವ ನಿಂತಿದ್ದು ನಡುವೇ ಐತಿ.

ಡಿಪ್ಲೊಮಾ_ಮಾಸ್ತರ · ಶುಕ್ರವಾರ ರಾತ್ರಿ 9:28

ಬಹಳ ಒಳ್ಳೆಯದು. ಸಾವಿರ ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಸ್ವಲ್ಪ ಬಿಟ್ಟು ನೋಡಿ, ಸಡಿಲಾದ ಸುಣ್ಣ ಇನ್ನೂ ಇಳಿಯುತ್ತಿರಬಹುದು. ಹೊಸ ಕಾಕಿನಲ್ಲಿ ಒಸರುವುದು ಏನಾದರೂ ಇದೆಯೇ?

ಮುಧೋಳ_1613 · ಶುಕ್ರವಾರ ರಾತ್ರಿ 9:36

ಇಲ್ಲರಿ ಸರ. ಬಂದ ಕೂಡ್ಲೇ ಅಪ್ಪಾರು ಕೆಳಗ ಹೋಗಿ ಬೆರಳು ಸವರಿ ನೋಡಿದ್ರು. ಒಣಾ ಐತಿ.